ಬೇಕಾ ಮೇಷ್ಟ್ರು

ಯಾರ ಬರಹವೇ ಆಗಲಿ, ಅದು ಮೇಷ್ಟ್ರ ಮೇಜಿನ ಮೇಲೆ ಬಂದು ಬಿದ್ದ ಮರುಗಳಿಗೆಯಲ್ಲಿ ಕಿವಿಯ ಮೇಲಿನ ಮೊಂಡು ಪೆನ್ಸಿಲ್ ತಾನಾಗಿ ಕೈಗಿಳಿಯುತ್ತಿತ್ತು, ಅದರ ತುದಿಯನ್ನು ಯಾವುದೋ ಒಂದು ವಾಕ್ಯದ ಕೆಳಗೆ ನಿಲ್ಲಿಸಿ, ಬರೆದವರ ಮುಖವನ್ನೂ ನೋಡದೆ ಅವರು ಕೇಳುತ್ತಿದ್ದುದು ಒಂದೇ ಮಾತು: “ಬೇಕಾ ಇದು?” ಬರವಣಿಗೆ ಕಲಿಸುವ ಆ ಶಾಲೆಯಲ್ಲಿ ಅವರಿಗೆ ‘ಬೇಕಾ ಮೇಷ್ಟ್ರು’ ಎಂಬ ಹೆಸರು ಬಿದ್ದದ್ದು ಹೀಗೆ. ಅದು ಅವರ ಕಿವಿಗೂ ಮುಟ್ಟಿತ್ತು. ಕೋಪ ಮಾಡಿಕೊಳ್ಳಲಿಲ್ಲ, “ಮೇಷ್ಟ್ರು ಅನ್ನೋದನ್ನ ತೆಗೆದ್ರೂ ಅರ್ಥ ಆಗುತ್ತೆ” ಎಂದಷ್ಟೇ ಅಂದರಂತೆ.

ಈ ಮಿತವ್ಯಯ ಬರವಣಿಗೆಗಷ್ಟೇ ಸೀಮಿತವಾಗಿರಲಿಲ್ಲ. ನಡೆಯುವಾಗ ಕೈ ಬೀಸುತ್ತಿರಲಿಲ್ಲ. ಕಾರಿಡಾರಿನಲ್ಲಿ ಎದುರಾದವರಿಗೆ ಹುಬ್ಬನ್ನು ತುಸು ಎತ್ತಿದರೆ ಅದೇ ನಮಸ್ಕಾರ, ಅದೇ ಕುಶಲಪ್ರಶ್ನೆ. ಅವರ ಮೈಮೇಲೆ ಧಾರಾಳವಾಗಿದ್ದದ್ದು ಒಂದು ಕಂದು ಕೋಟು ಮಾತ್ರ. ಅದನ್ನು ಹೊಲಿದವರು ಅವರ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಹೊಲಿಗೆ ಯಂತ್ರದ ಪಕ್ಕದಲ್ಲೇ ಕೂರಿಸಿಕೊಂಡು ಸಾಕಿ, ಊರವರ ಬಟ್ಟೆ ಹೊಲಿದು ಓದಿಸಿ, ಸ್ವಂತ ಮದುವೆಯ ಮಾತನ್ನು ಮುಂದೂಡುತ್ತ ಮುಂದೂಡುತ್ತ ಮರೆತೇಬಿಟ್ಟಿದ್ದರು ಆಕೆ. ತಮ್ಮನೇನಾದರೂ ಮುಂದೆ ದಪ್ಪಗಾದರೆ ಬಿಚ್ಚಿ ದೊಡ್ಡದು ಮಾಡಲೆಂದು ಕೋಟಿನ ಪ್ರತಿ ಹೊಲಿಗೆಯ ಒಳಗೂ ಬಟ್ಟೆ ಮಡಿಸಿಟ್ಟಿದ್ದರು. ತಮ್ಮ ದಪ್ಪಗಾಗಲಿಲ್ಲ, ಕೋಟು ಜೋಲುತ್ತಲೇ ಇತ್ತು.

ಆ ಅಕ್ಕನಿಗೆ ಈಗ ಕಣ್ಣು ಮಂಜಾಗಿತ್ತು. ತಮ್ಮ ಬರೆದ ಒಂದು ಸಾಲನ್ನೂ ಅವರು ಓದಿರಲಿಲ್ಲ. ಕಣ್ಣಿದ್ದಾಗ ಬಿಡುವಿರಲಿಲ್ಲ, ಬಿಡುವಾಗುವ ಹೊತ್ತಿಗೆ ಕಣ್ಣಿರಲಿಲ್ಲ.

ವರ್ಷಕ್ಕೊಮ್ಮೆ ಆ ಶಾಲೆಯಲ್ಲಿ ಕಲಿಸುವವರೇ ವೇದಿಕೆ ಹತ್ತಿ ತಾವು ಬರೆದ ಗದ್ಯ, ಪದ್ಯ ಓದುವ ಸಂಜೆಯೊಂದಿತ್ತು. ವರ್ಷವಿಡೀ ತಿದ್ದಿಸಿಕೊಂಡು ಸುಸ್ತಾದ ವಿದ್ಯಾರ್ಥಿಗಳು ಅಂದು ಕೈಕಟ್ಟಿ ಕೂತು, ಗುರುಗಳು ಎಲ್ಲಿ ಎಡವುತ್ತಾರೆಂದು ಕಾಯುವ ಸುಖ ಅನುಭವಿಸುತ್ತಿದ್ದರು. ನಿವೃತ್ತಿಯ ವರ್ಷ ಬೇಕಾ ಮೇಷ್ಟ್ರು ಅಕ್ಕನಿಗೆ ಹೇಳಿದರು: “ಈ ಸಲ ನಿನ್ನ ವಿಷಯ ಓದ್ತೀನಿ. ಬಾ.”

“ನನ್ನ ವಿಷಯ ಏನಿದೆಯೋ ಓದೋಕೆ?” ಎಂದರೂ ಅಕ್ಕ ಪೆಟ್ಟಿಗೆಯ ತಳದಿಂದ ಒಳ್ಳೆಯ ಬಟ್ಟೆ ತೆಗೆಸಿ ಇಸ್ತ್ರಿ ಮಾಡಿಸಿಕೊಂಡರು. ತಮ್ಮ ನನ್ನ ಮೇಲೆ ಬರೆದಿದ್ದಾನಂತೆ ಎಂದು ಹೇಳಿ ನೆರೆಮನೆಯ ಇಬ್ಬರನ್ನೂ ಕರೆತಂದು ಮುಂದಿನ ಸಾಲಿನಲ್ಲಿ ತಮ್ಮನ ಪಕ್ಕ ಕೂತರು.

ಕವಿತೆ ಕಲಿಸುವವರು ಕಣ್ಣು ಮುಚ್ಚಿಕೊಂಡು ಓದಲು ಹೋಗಿ ಅರ್ಧಕ್ಕೇ ಸಾಲು ಮರೆತರು. ಕತೆ ಕಲಿಸುವ ಮೇಡಂ ತಮ್ಮ ತಾಯಿಯ ಮೇಲೆ ಬರೆದ ಪದ್ಯವನ್ನು, ಸಂಯಮವನ್ನೆಲ್ಲ ಗಾಳಿಗೆ ತೂರಿ, ಅಳುತ್ತಲೇ ಓದಿದರು. ಮೇಷ್ಟ್ರು ಕೂತಲ್ಲೇ ಮನಸ್ಸಿನಲ್ಲಿ ಅದರ ಅರ್ಧದಷ್ಟು ವಿಶೇಷಣಗಳನ್ನು ಹೊಡೆದುಹಾಕಿದರು. ಪಕ್ಕಕ್ಕೆ ತಿರುಗಿದರೆ ಅಕ್ಕ ಕಣ್ಣೊರೆಸಿಕೊಳ್ಳುತ್ತಿದ್ದರು.

ಆಮೇಲೆ ಅವರ ಸರದಿ. ಬರಹ ದೊಡ್ಡದಿತ್ತು, ಜೀವಮಾನದಲ್ಲೇ ಅಷ್ಟು ಉದ್ದಕ್ಕೆ ಅವರು ಬರೆದಿರಲಿಲ್ಲ. ಆದರೆ ದೀಪದ ಕೆಳಗೆ ಹಾಳೆ ಬಿಡಿಸಿದ್ದೇ ತಡ, ಕೈ ಕಿವಿಯ ಮೇಲಿನ ಪೆನ್ಸಿಲನ್ನು ಹುಡುಕಿತು. ಹೊಲಿಗೆ ಯಂತ್ರದ ಸದ್ದು, ಒಂಟಿ ಕಿಟಕಿಯ ಕೋಣೆ, ನೆಲದ ತುಂಬ ಚೆಲ್ಲಿದ ಚೂರುಬಟ್ಟೆ, ಇಷ್ಟನ್ನು ಓದಿದರು. ಆಮೇಲೆ ‘ಅಕ್ಕ ಇಲ್ಲದಿದ್ದರೆ ನಾನಿಲ್ಲ’ ಎಂಬ ವಾಕ್ಯ ಬಂತು. ಅಂಥದನ್ನು ಬರೆದುಕೊಂಡು ಬಂದ ಎಷ್ಟು ಜನರನ್ನು ಅವರು ‘ಬೇಕಾ ಇದು?’ ಎಂದು ಕೇಳಿರಲಿಲ್ಲ! ಅವರೆಲ್ಲ ಎದುರಿಗೇ ಕೂತಿದ್ದರು. ಮೇಷ್ಟ್ರಿಗೆ ನಾಚಿಕೆಯಾಯಿತು. ಆ ಸಾಲನ್ನು ಹೊಡೆದರು. ಅದು ಹೋದ ಮೇಲೆ ಅದಕ್ಕೆ ಆತುಕೊಂಡಿದ್ದ ಮುಂದಿನದು ನಿಲ್ಲಲಿಲ್ಲ. ಬೇಡವೆಂದು ವಾಪಸು ಕಳಿಸಿದ ಸಂಬಂಧಗಳ ಮಾತು ಹೋಯಿತು, ತಮ್ಮನ ಜ್ವರಕ್ಕೆ ಅಕ್ಕ ನಿದ್ದೆಗೆಟ್ಟದ್ದು ಹೋಯಿತು, ಕೃತಜ್ಞತೆ ಎಂಬ ಪದವಿದ್ದ ಪುಟವಂತೂ ಇಡಿಯಾಗಿ ಹೋಯಿತು. ಮುಂದಿನ ಸಾಲಿನಲ್ಲಿ ಅಕ್ಕ ತಲೆಯನ್ನು ಓರೆಮಾಡಿ ಕಿವಿಗೊಟ್ಟೇ ಇದ್ದರು. ಕೊನೆಗೆ ಉಳಿದದ್ದು ಒಂದು ಯಂತ್ರ, ಒಂದು ಕಿಟಕಿ. ಸಭೆ ಮನಸಾರೆ ಚಪ್ಪಾಳೆ ತಟ್ಟಿತು. ಎಂಥ ಸಂಯಮ ಎಂದು ಮುಖ್ಯಸ್ಥರು ಕೈಕುಲುಕಿದರು.

ನೆರೆಮನೆಯವರು ಮುಂದೆ ಹೋದರು. ಅಕ್ಕ ತಮ್ಮನ ತೋಳು ಹಿಡಿದು ಮೆಟ್ಟಿಲಿಳಿದರು.

“ಚೆನ್ನಾಗಿತ್ತು ಕಣೋ. ನಾನು ಯಾವಾಗ ಬರ್ತೀನೋ ಅಂತ ಕಾಯ್ತಾ ಇದ್ದೆ, ಅಷ್ಟರಲ್ಲಿ ಮುಗಿದೇ ಹೋಯ್ತು.”

“ನೀನಿದ್ದೆ ಅಕ್ಕ. ನಾನೇ ತೆಗೆದುಬಿಟ್ಟೆ. ಮನೆಗೆ ಹೋದಮೇಲೆ ಪೂರ್ತಿ ಓದ್ತೀನಿ.”

“ಮನೇಲಿ ಯಾಕೋ? ನಿನ್ನ ಮನಸ್ಸು ನನಗೆ ಗೊತ್ತಿಲ್ವಾ?” ಅಕ್ಕ ಮುಂದಿನ ಮೆಟ್ಟಿಲನ್ನು ಕಾಲಿನಿಂದ ತಡವಿ ನೋಡಿದರು. “ನಾಲ್ಕು ಜನರ ಮುಂದೆ ಒಂದು ಮಾತು. ಬೇಕಿತ್ತಪ್ಪ ನನಗೆ.”

ಮನೆಯಲ್ಲಿ ಅವರು ಓದಿದರು, ಒಂದಕ್ಷರ ಬಿಡದೆ. ಅಕ್ಕ ಕೊನೆಯವರೆಗೂ ಕೇಳಿಸಿಕೊಂಡರು. ಆದರೆ ಅಷ್ಟರೊಳಗೆ ಆ ಒಳ್ಳೆಯ ಬಟ್ಟೆಯನ್ನು ಮಡಿಸಿ ಮತ್ತೆ ಪೆಟ್ಟಿಗೆಯ ತಳಕ್ಕೆ ಸೇರಿಸಿ ಆಗಿತ್ತು.

ಇಂಥವರನ್ನು ನಾವೆಲ್ಲ ಬಲ್ಲೆವು. ಪ್ರೀತಿಗೆ ಇವರಲ್ಲಿ ಬರವಿಲ್ಲ. ಅತಿಯಾದೀತೆಂಬ ಒಂದೇ ಅಂಜಿಕೆಯಿಂದ ಆಡಬೇಕಾದ ಮಾತನ್ನು ಆಡಬೇಕಾದ ಜಾಗದಲ್ಲಿ ನುಂಗಿಕೊಂಡು, ಆಮೇಲೆ ಬಾಗಿಲು ಹಾಕಿದ ಕೋಣೆಯಲ್ಲಿ ಅದನ್ನು ಪೂರ್ತಿಯಾಗಿ ಹೇಳುತ್ತಾರೆ. ಅವರ ಬರಹದಲ್ಲಿ ಹುಡುಕಿದರೂ ಒಂದು ಪದ ಹೆಚ್ಚಿಗೆ ಸಿಗುವುದಿಲ್ಲ. ಅವರ ಜೊತೆ ಬಾಳಿದವರಿಗೆ ಮಾತ್ರ ಕೊನೆಯವರೆಗೂ ಒಂದು ಮಾತು ಕಡಿಮೆ ಬೀಳುತ್ತದೆ.