ತೊರಕೆ ಮಡುವಿನ ಗಣತಿ

“ಇಲ್ಲ ಅಂದವರು ನೀವೇ ತಾನೇ? ಈಗ ಇದೆ ಇದೆ ಅಂತ ಬಾಯಿ ಬಡ್ಕೊಂಡ್ರೆ ಯಾರು ಕೇಳ್ತಾರಮ್ಮ?” ಎಂದರು ಮರಳಿನ ಪರವಾನಗಿ ಕೊಡುವ ಸಾಹೇಬರು, ಎಳನೀರಿನ ಕೊಳವೆಯನ್ನು ಬಾಯಿಂದ ತೆಗೆಯದೆ.

ಫಾಲಿಗೆ ಮೈಯೆಲ್ಲ ಉರಿದುಹೋಯಿತು. ಉಪ್ಪು ಬೆರೆಸಿ ಜಾಡಿಯಲ್ಲಿ ಕಳಿಯಿಡುವ ಪ್ರಹೋಕ್‌ಗೆಂದು ಮೀನು ಕೊಚ್ಚುತ್ತಿದ್ದವಳು, ಮಡುವಿಗೆ ಯಂತ್ರ ಬರುತ್ತದೆಂಬ ಸುದ್ದಿ ಕೇಳಿ ಕತ್ತಿಯ ಸಮೇತ ನದಿಯ ದಡಕ್ಕೆ ಓಡಿಬಂದಿದ್ದಳು. ಗಂಡ ಕೊಯೆನ್ ಅದನ್ನು ಮೆಲ್ಲಗೆ ಕಸಿದು ಬೆನ್ನ ಹಿಂದೆ ಇಟ್ಟುಕೊಂಡ.

ಸಂಗತಿ ಇಷ್ಟೇ. ಊರಿನ ಮುಂದೆ ಮೆಕಾಂಗ್ ನದಿ ತಿರುಗುವಲ್ಲಿ ಒಂದು ಮಡುವಿದೆ. ಅದರ ತಳದಲ್ಲಿ ತೊರಕೆ ಮೀನುಗಳಿವೆ. ಮೊರದ ಹಾಗೆ ಚಪ್ಪಟೆ, ಬಾಲದಲ್ಲಿ ವಿಷದ ಮುಳ್ಳು, ಬೆಳೆದರೆ ಮನೆಮಂದಿಯೆಲ್ಲ ಮಲಗುವ ಚಾಪೆಯಷ್ಟು ಅಗಲ. ತೊರಕೆ ಇರುವ ಮಡುವಿಗೆ ಮರಳು ಹೀರುವ ಯಂತ್ರ ಇಳಿಸುವಂತಿಲ್ಲ, ಇಲ್ಲವೆಂದಾದರೆ ಇಳಿಸಬಹುದು. ಅದನ್ನು ತಿಳಿಯಲೆಂದೇ ರಾಜಧಾನಿಯಿಂದ ಚರಿಯಾ ಎಂಬ ಹುಡುಗಿ ಬಂದಿದ್ದಳು. ಒಳ್ಳೆಯವಳೇ, ಪಾಪ. ಹೋದ ವಾರವೆಲ್ಲ ಬಿಸಿಲಲ್ಲಿ ಬೆಂದು, ದೋಣಿಯಿಂದ ದೋಣಿಗೆ ಹೋಗಿ, ಗಾಳ ಬಿಟ್ಟು ಕೂತವರನ್ನೆಲ್ಲ “ಇಲ್ಲಿ ತೊರಕೆ ಇದೆಯಾ?” ಎಂದು ಕೇಳಿದ್ದಳು. ಒಬ್ಬೊಬ್ಬರೂ ಇಲ್ಲ ಎಂದಿದ್ದರು.

ಮತ್ತೇನೆಂದಾರು! ಗಾಳ ನೀರಿನಲ್ಲಿರುವಾಗ ಮೀನಿದೆ ಎಂದು ಬಾಯಿಬಿಟ್ಟು ಹೇಳುವವರು ಆ ಊರಲ್ಲಿ ಇನ್ನೂ ಹುಟ್ಟಿರಲಿಲ್ಲ. ಹೇಳಿದರೆ ನೀರು ಕೇಳಿಸಿಕೊಳ್ಳುತ್ತದೆ. ಹೇಳಿದವರ ಗಾಳ ಹಂಗಾಮು ಮುಗಿಯುವವರೆಗೂ ಬರಿದು. ಹೆಂಡತಿ ಕೇಳಿದರೂ ಇಲ್ಲ, ವಿಹಾರದ ಭಿಕ್ಷುಗಳು ಕೇಳಿದರೂ ಇಲ್ಲ. ಫಾಲಿಯೂ ನಗುನಗುತ್ತ ಹಾಗೇ ಅಂದಿದ್ದಳು. ನದಿಯ ಮೇಲೆ ಓಡಾಡುವ ಹುಡುಗಿಗೆ ಅಷ್ಟೂ ಗೊತ್ತಿರುವುದಿಲ್ಲವೇ ಎಂದುಕೊಂಡಿದ್ದಳು.

“ಏ ಹುಡುಗಿ, ದಡದ ಮೇಲೆ ಕೇಳೋದಕ್ಕೆ ಏನಾಗಿತ್ತೇ ನಿಂಗೆ?” ಫಾಲಿ ಪಕ್ಕದಲ್ಲಿ ನಿಂತಿದ್ದ ಚರಿಯಾಳತ್ತ ತಿರುಗಿದಳು. “ ನಮ್ಮನೇಲಿ ಊಟಕ್ಕೆ ಕೂತು ಹುಳಿಸಾರು ಮತ್ತೆ ಮತ್ತೆ ಹಾಕಿಸ್ಕೊಂಡೆಯಲ್ಲ, ಆಗ ಈ ಬಾಯಿ ಎಲ್ಲಿತ್ತು?”

ಚರಿಯಾಳ ಕಣ್ಣು ತುಂಬಿತು. “ಮೀನು ಹಿಡಿಯೋ ಜಾಗದಲ್ಲೇ ಕೇಳ್ಬೇಕು ಅಂತ ನಮಗೆ ಹೇಳಿಕೊಟ್ಟಿದ್ದು, ಚಿಕ್ಕಮ್ಮ. ಬೇಕಾದ್ರೆ ಈಗಲೇ ಎಲ್ಲರನ್ನೂ ಕೂರಿಸಿ ಮತ್ತೆ ಕೇಳ್ತೀನಿ.”

“ದಡದ ಮಾತು ನಾನು ಒಪ್ಪಲ್ಲ,” ಸಾಹೇಬರು ತಲೆಯಾಡಿಸಿದರು. “ಮೊದಲು ಹೇಗೆ ಕೇಳಿದ್ಯೋ ಈಗಲೂ ಹಾಗೇ ಕೇಳ್ಬೇಕು. ದೋಣೀಲಿ, ಗಾಳ ಬಿಟ್ಟು ಕೂತಾಗ, ನನ್ನ ಮುಂದೆ. ಅದೂ ಇವತ್ತೇ. ನಾಳೆ ಯಂತ್ರ ಬರುತ್ತೆ.” ಹೇಳಿ ನಕ್ಕರು. ಆ ನಗು ನೋಡಿಯೇ ಫಾಲಿಗೆ ಹೊಳೆಯಿತು: ಈ ಮನುಷ್ಯನಿಗೆ ಊರಿನ ವಾಡಿಕೆ ಚೆನ್ನಾಗಿಯೇ ಗೊತ್ತು. ಹೋದ ವಾರವೂ ಗೊತ್ತಿತ್ತು. ಗೊತ್ತಿದ್ದೂ ಆ ಎಳೆ ಹುಡುಗಿಯನ್ನು ಬಿಸಿಲಲ್ಲಿ ಸುತ್ತಾಡಿಸಿದ್ದ!

“ನಡೀರಿ,” ಎಂದಳು. “ಕೊಯೆನ್, ದೋಣಿ ತೆಗಿ.”

ಮಡುವಿನ ನಡುವೆ ಗಾಳದ ಸಾಲು ಇಳಿಬಿಡುತ್ತ ಕೊಯೆನ್ ಪಿಸುಗುಟ್ಟಿದ, “ಹಂಗಾಮು ಇನ್ನೂ ಪೂರ್ತಿ ಬಾಕಿ ಇದೆ ಕಣೇ. ಬೇರೆಯವರು ಹೇಳ್ಲಿ ಬಿಡು.”

“ಮಡುವೇ ಹೋದ್ಮೇಲೆ ಹಂಗಾಮಿಗೆ ಉಪ್ಪು ಹಾಕಿ ಜಾಡೀಲಿ ಇಡ್ತೀಯಾ?”

ಚರಿಯಾಳ ದೋಣಿ ಪಕ್ಕಕ್ಕೆ ಬಂತು. ಸಾಹೇಬರು ಕೊಡೆ ಹಿಡಿದು ಕೂತಿದ್ದರು. ಹಿಂದೆಯೇ ಬಂದು ಗಾಳ ಬಿಟ್ಟ ಸುತ್ತಲ ದೋಣಿಗಳಲ್ಲಿ ಹುಟ್ಟುಗಳ ಸದ್ದು ನಿಂತಿತು.

“ಚಿಕ್ಕಮ್ಮ, ಇಲ್ಲಿ... ತೊರಕೆ ಇದೆಯಾ?”

ಫಾಲಿ ಬಾಯಿ ತೆರೆದಳು. ಇಷ್ಟು ವರ್ಷ ನೀರಿಗೆ ಕೇಳದಂತೆ ನುಂಗಿಕೊಂಡಿದ್ದ ಮಾತು ಒಳಗೇ ಸಿಕ್ಕಿಕೊಂಡಿತು. ಸಾಹೇಬರ ಮುಖದ ಆ ನಗು ಕಂಡಿತು ನೋಡಿ, ಸಿಟ್ಟೇ ಮಾತನ್ನು ಹೊರಗೆ ತಳ್ಳಿತು.

“ಇದೆ!” ದಡದವರೆಗೂ ಕೇಳುವ ಹಾಗೆ ಕೂಗಿದಳು. “ಇದೆ, ಬರ್ಕೊ! ಈ ದೋಣಿಯ ಕೆಳಗೇ ಇದೆ!”

ಪಕ್ಕದ ದೋಣಿಯಲ್ಲಿದ್ದ ಮುದುಕ ಮೆಂಗ್ ಕಿವಿ ಮುಚ್ಚಿಕೊಂಡ. ಸಾಹೇಬರು ಅವನತ್ತ ತಿರುಗಿದರು. “ನೀವು ಹೇಳಿ ಅಜ್ಜ. ವಯಸ್ಸಾದವರು. ಇದೆಯಾ?”

ಮೆಂಗ್ ತಲೆಗೆ ಸುತ್ತಿದ್ದ ಚೌಕಳಿ ವಸ್ತ್ರ ಬಿಚ್ಚಿ ತೊಡೆಯ ಮೇಲಿಟ್ಟು, ಸಾಹೇಬರಿಗಲ್ಲ, ನೀರಿಗೆ ಕೈಮುಗಿದ.

“ತಪ್ಪು ತಿಳ್ಕೋಬೇಡ ತಾಯಿ,” ಎಂದ. “ಇದೆ. ಗಾಳಕ್ಕೆ ಬಿದ್ದ ಬಸುರಿ ತೊರಕೆ ನನ್ನ ದೋಣಿಯ ಪಕ್ಕದಲ್ಲೇ ಮರಿ ಹಾಕಿತ್ತು. ತಾಯೀನೂ ಮರೀನೂ ನಾನೇ ಬಿಟ್ಟಿದೀನಿ.”

ಅಷ್ಟೇ ಸಾಕಾಯಿತು. ಒಂದು ದೋಣಿಯಿಂದ ಇದೆ, ಇನ್ನೊಂದರಿಂದ ಇದೆ. ಕೆಲವರು ಕೂಗಿದರು, ಕೆಲವರು ಗೊಣಗಿದರು, ಒಬ್ಬಳು ಅತ್ತೇಬಿಟ್ಟಳು. ಚರಿಯಾಳ ಕೈ ಬರೆಯುತ್ತಲೇ ಇತ್ತು.

“ಊರೆಲ್ಲ ಸೇರಿ ಸುಳ್ಳು ಹೇಳ್ತಿದೀರಿ!” ಸಾಹೇಬರ ಕೊಡೆ ವಾಲಿತು.

“ಊರೆಲ್ಲ ಸೇರಿ ಸುಳ್ಳು ಹೇಳಿದ್ದು ಹೋದ ವಾರ, ಸ್ವಾಮಿ,” ಎಂದಳು ಫಾಲಿ. “ಆಗ ನಿಮಗೆ ಅದು ಸಿಹಿಯಾಗೇ ಇತ್ತಲ್ಲ?”

ಕೊಯೆನ್ ಬಗ್ಗಿ, ಈಗಷ್ಟೇ ಬಿಟ್ಟ, ಇನ್ನು ಹಂಗಾಮು ಮುಗಿಯುವವರೆಗೂ ಬರಿದೇ ಆದ ಗಾಳದ ಸಾಲನ್ನು ಮೇಲಕ್ಕೆಳೆದುಕೊಂಡು, ಮೀನು ಮುಟ್ಟದ ಎರೆಗಳನ್ನು ಒಂದೊಂದಾಗಿ ಬಿಡಿಸಿ ಮಡುವಿಗೆ ಹಾಕತೊಡಗಿದ.