ಅತ್ತೆ ತನಗೆ ತಾನೇ ಹೇಳಿಕೊಂಡದ್ದು

ಐದನೇ ಮಹಡಿಗೆ ಮನೆ ಬದಲಾಯಿಸಿದ ಮೇಲೆ ಅತ್ತೆ ಹೊರಗೆ ಹೋಗುವುದನ್ನೇ ಬಿಟ್ಟುಬಿಟ್ಟರು. ಮೆಟ್ಟಿಲು ಇಳಿಯಲು ಮಂಡಿ ಬಿಡದು. ಲಿಫ್ಟ್ ಹತ್ತಲು ಎದೆ ಒಪ್ಪದು. ಹಿಂದೆ ಒಮ್ಮೆ ಕರೆಂಟು ಹೋದಾಗ ಲಿಫ್ಟಿನೊಳಗೆ ಒಬ್ಬರೇ ಸಿಕ್ಕಿಕೊಂಡಿದ್ದರು. ಅಂದಿನಿಂದ ಆ ಬಾಗಿಲು ಕಂಡರೆ ಸಾಕು, ಅಂಗೈ ಬೆವರುತ್ತಿತ್ತು. "ನನಗೇನು ಕಡಿಮೆ? ಬಾಲ್ಕನಿಗೆ ಗಾಳಿ ಬರುತ್ತೆ" ಎನ್ನುತ್ತಿದ್ದರು. ಒಳಗಿನ ಸಿಟ್ಟು ಮಾತ್ರ ಮಗ, ಸೊಸೆ, ಪಾತ್ರೆಗಳು ಎಂಬ ಭೇದವಿಲ್ಲದೆ ಎಲ್ಲರ ಮೇಲೂ ಸಿಡಿಯುತ್ತಿತ್ತು.

ಸೊಸೆಯ ಕಚೇರಿ ಚಪ್ಪಲಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿತ್ತು. ಅಲ್ಲಿ ಒಂದು ಆ್ಯಪ್ ತಯಾರಾಗುತ್ತಿತ್ತು: ಕಣ್ಣು ಮುಚ್ಚಿ, ಕಿವಿಗೆ ಬೀಳುವ ಮಾತು ಕೇಳುತ್ತ, ತಮ್ಮನ್ನು ತಾವೇ ಸಮ್ಮೋಹನಕ್ಕೆ ಒಳಪಡಿಸಿಕೊಂಡು ಭಯವನ್ನೋ ಚಟವನ್ನೋ ಸಡಿಲಿಸಿಕೊಳ್ಳುವುದಕ್ಕೆ. ಮಾತುಗಳನ್ನು ಬರೆದವರು ಒಬ್ಬ ಮನೋವೈದ್ಯೆ. ಪರದೆಯ ಮೇಲೆ ಏನು ಕಾಣಬೇಕು, ಬೆರಳು ಎಲ್ಲಿಗೆ ಹೋಗಬೇಕು, ಯಾವಾಗ ಏನು ಕೇಳಿಸಬೇಕು ಎನ್ನುವುದೆಲ್ಲ ಸೊಸೆಯ ಕೆಲಸ. ಆದರೆ ಪರೀಕ್ಷೆಗೆ ಕರೆದು ಕೂರಿಸಿದವರೆಲ್ಲ ಕಣ್ಣು ಮುಚ್ಚಿದಂತೆ ಮಾಡಿ, ಅರೆಗಣ್ಣಲ್ಲಿ ಕದ್ದು ನೋಡುತ್ತಿದ್ದರು. ಏನು ತಪ್ಪಿದೆ ಎಂದು ತಿಳಿಯದೆ ಅವಳು ಒಂದು ಭಾನುವಾರ ಮಧ್ಯಾಹ್ನ ಅತ್ತೆಯ ಮುಂದೆ ಫೋನು ಹಿಡಿದಳು.

ಅತ್ತೆ ಕಣ್ಣು ಮುಚ್ಚಿದರು. ಫೋನಿನಲ್ಲಿ ಗಂಡಸಿನ ದನಿಯೊಂದು, "ಸಿದ್ಧರಿದ್ದರೆ ಗುಂಡಿ ಒತ್ತಿ ಮುಂದುವರಿಯಿರಿ" ಎಂದಿತು.

"ಕಣ್ಣು ಮುಚ್ಚು ಅಂತಾನೆ, ಗುಂಡಿ ಒತ್ತು ಅಂತಾನೆ. ಯಾವ ಕಣ್ಣಲ್ಲಿ ನೋಡಿ ಒತ್ತಲಿ?"

ಸೊಸೆ ತಾನೇ ಒತ್ತಿದಳು. ದನಿ ಇನ್ನಷ್ಟು ಮೆದುವಾಯಿತು: "ಈಗ ನೀವು ಮೆಟ್ಟಿಲು ಇಳಿಯುತ್ತಿದ್ದೀರಿ. ಒಂದೊಂದೇ ಮೆಟ್ಟಿಲು... ಇನ್ನೂ ಕೆಳಗೆ..."

"ಅಯ್ಯೋ, ನಿಲ್ಸಮ್ಮಾ! ಮೆಟ್ಟಿಲು ಇಳಿಯೋಕಾಗಿದ್ರೆ ನನಗೆ ಈ ಗೋಳೇ ಇರ್ತಿರ್ಲಿಲ್ಲ. ಮಂಡಿ ಈಗ್ಲೇ ಚುಳ್ ಅಂತು ನೋಡು."

ಇಬ್ಬರೂ ನಕ್ಕರು.

"ಅದ್ಸರಿ, ಯಾರೀ ಮಹಾನುಭಾವ? ಇಷ್ಟು ನಯವಾಗಿ ಮಾತಾಡೋರನ್ನ ಕಂಡ್ರೆ ನಾನು ಮೊದಲು ಪರ್ಸ್ ಮುಟ್ಟಿ ನೋಡ್ಕೋತೀನಿ."

"ಹಾಗಾದ್ರೆ ನೀವು ಯಾರ ಮಾತು ಕೇಳ್ತೀರ, ಅತ್ತೆ?"

"ನಾನೆಲ್ಲಿ ಯಾರ ಮಾತು ಕೇಳಿದ್ದೀನಿ? ನಿಮ್ಮ ಮಾವನೇ ಹೇಳಿ ಹೇಳಿ ಸೋತ್ರು."

ಆ ಮಾತು ಸೊಸೆಯ ತಲೆಯಲ್ಲಿ ಕೂತುಬಿಟ್ಟಿತು. ಮರುದಿನ ಕಚೇರಿಯಲ್ಲಿ ಅವಳು, "ಬೇರೆ ಯಾರ ಮಾತೂ ಕೇಳದೋರಿಗೆ ಅವರ ಸ್ವಂತ ದನಿಯನ್ನೇ ಹಾಕಿದ್ರೆ ಹೇಗೆ?" ಎಂದಳು.

"ತಮ್ಮ ದನಿ ಕೇಳಿದ್ರೆ ಜನ ಮುಖ ಸಿಂಡರಿಸ್ತಾರಮ್ಮ," ಎಂದ ಕಂಪನಿಯ ಯಜಮಾನ.

"ಮೊದಲ ಸಲ ಎಲ್ರೂ ಸಿಂಡರಿಸ್ತಾರೆ," ಎಂದರು ಮನೋವೈದ್ಯೆ. "ನನ್ನ ಕ್ಲಿನಿಕ್ಕಲ್ಲಿ ನಾನೂ ಬಂದೋರ ಬಾಯಿಂದ್ಲೇ ಹೇಳ್ಸೋದು. ಫೋನಲ್ಲಿ ಆಗಲ್ಲ ಅಂದ್ಕೊಂಡು ಬಿಟ್ಟಿದ್ದೆ. ಮಾಡಿ ನೋಡೋಣ."

ಸೊಸೆ ಹುರುಪಿನಿಂದ ಕೂತಳು. ಕಣ್ಣು ಮುಚ್ಚಿದ ಮೇಲೆ ಬರುತ್ತಿದ್ದ ಗುಂಡಿಗಳನ್ನೆಲ್ಲ ಕಿತ್ತು ಹಾಕಿದಳು. ಮಾತು ಶುರುವಾದೊಡನೆ ಪರದೆ ಕಪ್ಪಾಗುತ್ತಿತ್ತು. ಸಾಕೆನಿಸಿದರೆ ಎಲ್ಲಿ ಮುಟ್ಟಿದರೂ ನಿಲ್ಲುತ್ತಿತ್ತು. ಮೆಟ್ಟಿಲಿನ ಬದಲು, ಅವರವರಿಗೆ ಹಾಯೆನಿಸುವ ಜಾಗವನ್ನು ಅವರೇ ಹೇಳಿಕೊಳ್ಳಬಹುದಿತ್ತು.

ಅತ್ತೆ ಆರಿಸಿಕೊಂಡದ್ದು ಬಟ್ಟೆ ಒಣಗಿಸುವ ತಾರಸಿಯನ್ನು: ಬಿಸಿಲು, ತಂತಿಯ ಮೇಲೆ ಗಾಳಿಗೆ ಉಬ್ಬುವ ಬಿಳಿ ಹೊದಿಕೆಗಳು, ಸಾಬೂನಿನ ವಾಸನೆ. ಮನೋವೈದ್ಯೆ ಹೇಳಿಕೊಟ್ಟಂತೆ ಫೋನಿನಲ್ಲಿ ತಮ್ಮ ದನಿ ರೆಕಾರ್ಡ್ ಮಾಡಿದರು: ಮೊದಲು ಉಸಿರಿನ ಮಾತು, ಆಮೇಲೆ ತಾರಸಿ. ಕೊನೆಗೆ ತಮ್ಮದೇ ವರಸೆ: "ಏ, ಕೇಳಿಲ್ಲಿ. ಅದು ಬರೀ ಡಬ್ಬ. ಬಾಗಿಲು ಮುಚ್ಚುತ್ತೆ, ಆಮೇಲೆ ತೆಗೆಯುತ್ತೆ. ಅವತ್ತೂ ತೆಗೀತು ತಾನೇ? ಮನೆಗೆ ಬಂದು ಅನ್ನ ಉಂಡೆ ತಾನೇ?"

ಅದನ್ನು ತಿರುಗಿ ಕೇಳಿದಾಗ ಅವರ ಮುಖ ಹುಳ್ಳಗಾಯಿತು. "ಥೂ, ನನ್ನ ದನಿ ಹೀಗಿದ್ಯಾ? ಇಷ್ಟು ವರ್ಷ ನೀವೆಲ್ಲ ಹೇಗೆ ಸಹಿಸ್ಕೊಂಡ್ರಿ?"

"ಅಭ್ಯಾಸ ಆಗೋಗಿದೆ, ಅತ್ತೆ."

ಮುಂದಿನ ದಿನಗಳಲ್ಲಿ ಮಧ್ಯಾಹ್ನವಾದರೆ ಸಾಕು, ಅತ್ತೆ ಕೋಣೆಯ ಬಾಗಿಲು ಹಾಕಿಕೊಂಡು ಕುರ್ಚಿಗೆ ಒರಗುತ್ತಿದ್ದರು. ಏನಾಯಿತೆಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಒಂದು ಬೆಳಿಗ್ಗೆ ಸೊಸೆ ಕಚೇರಿಗೆ ಹೊರಟು ಲಿಫ್ಟಿನೊಳಗೆ ಕಾಲಿಟ್ಟಳು. ಹಿಂದೆಯೇ ಚಪ್ಪಲಿ ಸದ್ದು. ಅತ್ತೆ ಒಳಗೆ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತರು.

"ಮಾತಾಡ್ಸಬೇಡ," ಎಂದು ಕಣ್ಣು ಮುಚ್ಚಿದರು. ತುಟಿ ಮಾತ್ರ ಅಲ್ಲಾಡುತ್ತಿತ್ತು.

ಬಾಗಿಲು ಮುಚ್ಚಿತು. ಲಿಫ್ಟ್ ಇಳಿಯಿತು. ಅತ್ತೆಗಿಂತ ಸೊಸೆಯ ಎದೆಯೇ ಹೆಚ್ಚು ಹೊಡೆದುಕೊಳ್ಳುತ್ತಿತ್ತು. ನಡುವೆ ಲಿಫ್ಟ್ ಗಕ್ಕನೆ ನಿಂತಾಗ ಅತ್ತೆಯ ಬೆರಳುಗಳು ಅವಳ ಮಣಿಕಟ್ಟನ್ನು ಕಚ್ಚಿ ಹಿಡಿದವು. ಬಾಗಿಲು ತೆರೆದು, ಪುಟ್ಟ ನಾಯಿಯೊಂದನ್ನು ಎಳೆದುಕೊಂಡು ಮೂರನೇ ಮಹಡಿಯ ಗಂಡಸೊಬ್ಬರು ಒಳಗೆ ಬಂದರು. ಅತ್ತೆ ಕಣ್ಣು ಬಿಟ್ಟರು. ನಾಯಿ ನಡುಗುತ್ತಿತ್ತು.

"ಇದಕ್ಕೂ ಭಯಾನಾ?"

"ಹೌದಮ್ಮ, ದಿನಾ ಇದೇ ಪಾಡು."

"ಬರೀ ಡಬ್ಬ ಕಣೋ ಇದು," ಎಂದು ಅತ್ತೆ ಬಗ್ಗಿ ನಾಯಿಯ ತಲೆ ಸವರಿದರು. ತಲೆ ಎತ್ತುವಷ್ಟರಲ್ಲಿ ಲಿಫ್ಟ್ ಕೆಳಗೆ ತಲುಪಿತ್ತು.

ಹೊರಗಿನ ಕಲ್ಲುಬೆಂಚಿನ ಮೇಲೆ ಕುಳಿತಾಗ ಅವರ ಕಣ್ಣಲ್ಲಿ ನೀರಿತ್ತು. ಸೊಸೆ ಪಕ್ಕದಲ್ಲಿ ಕೂರಲು ಹೋದಳು.

"ನೀನು ಹೊರಡು, ತಡ ಆಗುತ್ತೆ. ಇಳಿದೋಳಿಗೆ ಹತ್ತೋದು ಗೊತ್ತಿರಲ್ವಾ?"

ಆ ದಿನ ಕಚೇರಿಯಲ್ಲಿ ಅವಳ ಕೈಗೆ ಕೆಲಸ ಹತ್ತಲಿಲ್ಲ. ಫೋನನ್ನೇ ನೋಡುತ್ತ ಕೂತಳು. ಊಟದ ಹೊತ್ತಿಗೆ ಅತ್ತೆಯ ಕರೆ ಬಂತು: "ಮೇಲೆ ಬಂದೆ. ಮತ್ತೆ ಕೆಳಗೆ ಹೋಗ್ತಿದೀನಿ. ಆ ನಾಯಿಯವರ ಹೆಂಡತಿ ಪಾರ್ಕಿಗೆ ಕರೆದಿದ್ದಾರೆ."

ಸಂಜೆ ಸೊಸೆ ಬಂದಾಗ ಮನೆಗೆ ಬೀಗ. ಬಹಳ ತಿಂಗಳುಗಳ ಮೇಲೆ ತನ್ನ ಕೀಲಿಯಿಂದಲೇ ಬಾಗಿಲು ತೆಗೆದಳು. ಒಳಗೆ ಗಡಿಯಾರದ ಸದ್ದೊಂದನ್ನು ಬಿಟ್ಟರೆ ಏನೂ ಇರಲಿಲ್ಲ. ಅತ್ತೆಯ ಆರಾಮಕುರ್ಚಿಯಲ್ಲಿ ಕಾಲು ಚಾಚಿ, ಬಿಸಿ ಚಹಾ ಹೀರುತ್ತ, ಅತ್ತೆ ಇನ್ನೂ ಸ್ವಲ್ಪ ತಡವಾಗಿಯೇ ಬರಲಿ ಅಂದುಕೊಂಡಳು.