ಸೆರಗಿನ ಬೆನ್ನು

ವಿಮಾನದ ಅಬ್ಬರ ಅಡಗಿದ ಮೇಲೆ ಬೇಸ್‌ಮೆಂಟಿನಿಂದ ಟಿಣ್ ಎಂಬ ಸದ್ದು ಬಂತು. ಕೆನಡಾದಲ್ಲಿ ವಿಮಾನ ನಿಲ್ದಾಣದ ಪಕ್ಕದ ಮಾಲ್ಟನ್ನಿಗೆ ಬಂದು ಆರು ವರ್ಷವಾಗಿದ್ದರೂ ರತ್ನಾ ವಿಮಾನಗಳಿಗೆ ಎಚ್ಚರವಾದವಳಲ್ಲ. ಸಣ್ಣ ಸದ್ದಾದರೆ ಮಾತ್ರ ಎದ್ದು ಕೂರುತ್ತಾಳೆ. ಒಲೆ ಆರಿಸಿದ್ದೇನೆಯೋ ಇಲ್ಲವೋ ಎಂದು ನೋಡಿ ಮೆಟ್ಟಿಲಿಳಿದಳು.

ಕೆಳಗೆ ಧಾರವಾಡದ ಕಡೆಯ ನಿಜಗುಣನ ಸಂಸಾರ ಬಾಡಿಗೆಗಿತ್ತು. ಅವನು ನೈಟ್ ಶಿಫ್ಟಿಗೆ ಹೋಗಿದ್ದ. ಬಸುರಿ ಹೆಂಡತಿ ಮಾಧುರಿ ಒಳಗೆ ಮಲಗಿದ್ದಳು. ನಿಜಗುಣನ ತಾಯಿ ಚನ್ನಬಸವ್ವ ದೀಪದ ಕೆಳಗೆ ನೆಲ ತಡಕುತ್ತಿದ್ದರು. ಬಿದ್ದ ಕತ್ತರಿ ಅವರ ಮೊಣಕಾಲಿನ ಪಕ್ಕದಲ್ಲೇ ಇತ್ತು.

"ಅಮ್ಮಾ, ಕಣ್ಣು ಕಾಣ್ತಿಲ್ವಾ?"

"ರಾತ್ರಿ ಮಂಜ ಮಂಜ ಆಗ್ತಾವ. ಕರೀ ಅರಿವಿ ಮ್ಯಾಲ ಎಳಿ ಎಣಿಸಾಕ ಆಗವಲ್ದು. ಒಂದ ಗೋಪುರದ ತುದಿ ಉಳದೈತಿ ನೋಡವಾ."

ಬೆಳಗಾದರೆ ಮಾಧುರಿಯ ಕುಬಸ, ಮೈಸೂರ ಕಡೆಯ ಸೀಮಂತ. ಮದುವೆಯಲ್ಲಿ ಅಂಗಡಿಯ ಕಸೂತಿ ಉಡಿಸಿದರೆಂದು ಮಾಧುರಿಯ ತಾಯಿ ನಿಂಗವ್ವ ಎಲ್ಲರೆದುರು ಹಂಗಿಸಿದ್ದರು. ಈ ಸಲ ತಮ್ಮ ಕೈಯಾರೆ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆಯನ್ನೇ ಉಡಿಸುತ್ತೇನೆಂದು ಚನ್ನಬಸವ್ವ ಹಟ ಹಿಡಿದಿದ್ದರು.

ಬಸುರಿಗೆ ಕಪ್ಪು ಸೀರೆಯೇ ಎಂದು ಮೈಸೂರಿನ ರತ್ನಾಳಿಗೆ ಇಷ್ಟು ದಿನ ಒಳಗೊಳಗೇ ಅಳುಕು. ಆದರೆ ಈಗ ಚನ್ನಬಸವ್ವನ ಮಡಿಲಲ್ಲಿ ಹರಡಿದ ಸೆರಗು ಕಂಡಾಗ ಅಳುಕೆಲ್ಲ ಮರೆತುಹೋಯಿತು. ಆ ಕಪ್ಪಿನ ಮೇಲಲ್ಲದೆ ಇನ್ನೆಲ್ಲಿ ಈ ತೇರು, ಆನೆ, ತುಳಸಿಕಟ್ಟೆಗಳು ಹೀಗೆ ಹೊಳೆದಾವು? ಪೆನ್ಸಿಲ್ಲಿನ ಗುರುತಿಲ್ಲ, ಅಚ್ಚಿಲ್ಲ. ಬಟ್ಟೆಯ ಎಳೆಯನ್ನೇ ಎಣಿಸಿ ಹಾಕಿದ ಹೊಲಿಗೆ.

"ಕೊಡಿ, ನಾನು ಹಾಕ್ತೀನಿ."

"ನೀವು ಮೈಸೂರವರು ಮಾತ ಚಂದ ಹೊಲೀತೀರಿ. ಕಸೂತಿ ಬರತೈತೇನು?"

"ಹೇಳ್ಕೊಡಿ. ಆಮೇಲೆ ಕಣ್ಣಿನ ಡಾಕ್ಟರ ಹತ್ತಿರ ಬರಬೇಕು, ಅಷ್ಟೇ."

"ಬರ್ತೇನಿ, ಮೊದಲ ಸೂಜಿ ಹಿಡಿ. ಮಾಧುರಿಗೆ ತಿಳೀಬಾರದು ಮತ್ತ."

ಅವರು ಹೇಳಿದಂತೆ ರತ್ನಾ ಎಳೆ ಎಣಿಸಿದಳು. ತುದಿ ಮುಗಿದಾಗ ಚನ್ನಬಸವ್ವ ಚಹಾಕ್ಕೆ ಎದ್ದಿದ್ದರು. ಹೈಸ್ಕೂಲಿನ ಹೊಲಿಗೆ ಟೀಚರು ಕಲಿಸಿದಂತೆ ರತ್ನಾ ಹಿಂದೆ ಭದ್ರವಾಗಿ ಗಂಟು ಹಾಕಿ ದಾರ ಕತ್ತರಿಸಿದಳು.

ಮರುದಿನ ನಿಂಗವ್ವ ಮಗನ ಜೊತೆ ಒಶಾವಾ ಊರಿನಿಂದ ಬಂದರು. ಕೂರುವ ಮೊದಲೇ ಸೀರೆಗೆ ಕೈ ಹಾಕಿದರು. ಅದರ ಮುಖ ನೋಡಲಿಲ್ಲ, ಸೆರಗು ತಿರುವಿದರು.

"ಬೆನ್ನೇಕೆ ನೋಡ್ತಾರೆ?" ಎಂದು ರತ್ನಾ ಮಾಧುರಿಯನ್ನು ಕೇಳಿದಳು.

"ಕಸೂತಿ ಎರಡೂ ಕಡೆ ಒಂದೇ ಥರ ಇರಬೇಕ್ರಿ ಆಂಟಿ. ಹಿಂದ ಗಂಟ ಇದ್ರ ಅವ್ವ ಅದನ್ನ ಕಸೂತಿನ ಅನ್ನೂದಿಲ್ಲ."

ರಾತ್ರಿ ತಾನು ಹಾಕಿದ ಗಂಟು ರತ್ನಾಳಿಗೆ ನೆನಪಾಯಿತು. ನಿಂಗವ್ವನ ಹೆಬ್ಬೆರಳು ಆನೆ ದಾಟಿತು, ತೇರು ದಾಟಿತು, ಕೊನೆಯ ಗೋಪುರಕ್ಕೆ ಬಂದು ನಿಂತಿತು. ಅಲ್ಲಿಯೇ ಒಮ್ಮೆ ಉಜ್ಜಿತು. ತಲೆಯೆತ್ತಿ ಬೀಗತಿಯ ಕಡೆ ನೋಡಿದರು. ಚನ್ನಬಸವ್ವ ಆರತಿ ತಟ್ಟೆಯಲ್ಲಿ ಕುಂಕುಮದ ಬಟ್ಟಲಿಗಾಗಿ ತಡಕುತ್ತಿದ್ದರು.

ನಿಂಗವ್ವ ಬಟ್ಟಲನ್ನು ಮೆಲ್ಲಗೆ ಅವರ ಬೆರಳಿಗೆ ತಾಕುವಂತೆ ಸರಿಸಿದರು.

"ಏನ ಬೀಗತಿ," ಎಂದರು ಜೋರಾಗಿ, ಎಲ್ಲರಿಗೂ ಕೇಳುವಂತೆ, "ಹಿಂದ ಯಾವದು ಮುಂದ ಯಾವದು, ನನಗ ತಿಳೀವಲ್ದು!"

"ನಿನಗ ಎಂದ ತಿಳದೈತಿ?" ಎಂದರು ಚನ್ನಬಸವ್ವ. ಹೆಂಗಸರೆಲ್ಲ ನಕ್ಕರು. ಚನ್ನಬಸವ್ವನ ಮುಖ ಅರಳಿತ್ತು.

ನಿಂಗವ್ವನೇ ಮಗಳಿಗೆ ಸೀರೆ ಉಡಿಸಿದರು. ಗಂಟಿದ್ದ ಮೂಲೆಯನ್ನು ಮಡಿಕೆಯ ಒಳಗೆ ಸೇರಿಸಿ ಹೆಗಲಿಗೆ ಪಿನ್ನು ಹಾಕಿದರು. ಹಸಿರು ಬಳೆ, ಕಪ್ಪು ಸೀರೆ, ಸೆರಗಿನ ತುಂಬ ತೇರು. ಮಾಧುರಿ ಎದ್ದು ನಿಂತಾಗ ಆ ತಗ್ಗು ಸೂರಿನ ಬೇಸ್‌ಮೆಂಟಿನಲ್ಲಿ ಎಲ್ಲರೂ ಅವಳ ಕಡೆಗೇ ತಿರುಗಿದರು.

ಸಂಜೆ ಚನ್ನಬಸವ್ವ ರತ್ನಾಳ ಕೈ ಹಿಡಿದು, "ಬೀಗತಿ ಒಂದ ಕೊಂಕ ತಗೀಲಿಲ್ಲ ನೋಡು! ನಿನ್ನ ತುದೀನೂ ನನ್ನಂಗ ಬಂದೈತಿ" ಎಂದರು.

ರತ್ನಾ ಬಾಯಿ ತೆರೆದಳು. ಎದುರಿಗೆ ನಿಂಗವ್ವ ಕೋಟು ಹಾಕಿಕೊಳ್ಳುತ್ತಾ ಅವಳನ್ನೇ ನೋಡುತ್ತಿದ್ದರು.

"ನೀವು ಹೇಳ್ಕೊಟ್ಟಿದ್ದು ಹಾಗಿತ್ತು ಅಮ್ಮ," ಎಂದಳು. ಗಂಟಿನ ಮಾತನ್ನು ಚನ್ನಬಸವ್ವನಿಗಾಗಲಿ, ಮನೆಯಲ್ಲಿ ಗಂಡನಿಗಾಗಲಿ, ಯಾರಿಗೂ ಹೇಳಬಾರದೆಂದು ಆಗಲೇ ನಿರ್ಧರಿಸಿದ್ದಳು.